ಫೈಯಾಜ್ ಖಾನರನ್ನು ಕೇಳಿದ್ದೀರಾ?

ವಡೋದರಾದಲ್ಲಿರುವ ಉಸ್ತಾದ್ ಫೈಯಾಜ್ ಖಾನರ ಮಜಾರಿಗೆ 2002ರ ಗಲಭೆಯಲ್ಲಿ ಹಾನಿ ಮಾಡಿದ್ದನ್ನು ನಮ್ಮ ಸಭೆಗಳಲ್ಲಿ ಹೇಳುತ್ತಲೇ ಇರುತ್ತೇವೆ. ಹೇಳಲೇಬೇಕು. ಆದರೆ ಅವರ ಒಂದು ಹಾಡನ್ನಾದರೂ ಪೂರ್ತಿ ಕೇಳಿದ್ದೀರಾ ಅಂದ್ರೆ ಸಭೆ ಸುಮ್ಮನಾಗುತ್ತೆ. ನಾನೂ ಬಹಳ ದಿನ ಹಾಗೇ ಇದ್ದೆ.

ಆಗ್ರಾ ಘರಾನೆಯ ಈ ಗಾಯಕರು ಬರೋಡಾ ಆಸ್ಥಾನದಲ್ಲಿದ್ದರು. 1950ರಲ್ಲಿ ಅಲ್ಲೇ ತೀರಿಕೊಂಡರು. ‘ಅಫ್ತಾಬ್-ಎ-ಮೌಸಿಕಿ’, ಅಂದರೆ ಸಂಗೀತದ ಸೂರ್ಯ ಎಂಬ ಬಿರುದು ಅವರಿಗೆ ಸಿಕ್ಕಿದ್ದು ನಮ್ಮ ಮೈಸೂರು ಅರಮನೆಯಿಂದ.

ಅವರ ಜೈಜೈವಂತಿ ಕೇಳಿ. ಮೂರು ಚಿಲ್ಲರೆ ನಿಮಿಷದ ಹಳೇ ಗ್ರಾಮಫೋನ್ ಪ್ಲೇಟು, ಗರಗರ ಸದ್ದು ಬೇರೆ. ದನಿ ನಯವಾದದ್ದಲ್ಲ, ದಪ್ಪ, ತಗ್ಗು. ಇನ್ನೂ ಮನೆಗೆ ಬಾರದ ಇನಿಯನಿಗಾಗಿ ಕಾದವಳ ಮಾತನ್ನು ಆ ಗಂಡು ಗಂಟಲು ಹಾಡುತ್ತೆ. ಅಳೋದಿಲ್ಲ. ಮಾತಿಗಿಳಿಯುತ್ತೆ, ಹಟ ಮಾಡುತ್ತೆ, ಜಗಳ ತೆಗೆಯುತ್ತೆ.

ಕಾಫಿ ರಾಗದಲ್ಲಿ ಕೃಷ್ಣನ ಸ್ತುತಿ ಹಾಡಿದ್ದಾರೆ ಅಂತ ಅವರನ್ನು ಸೌಹಾರ್ದದ ಭಾಷಣಕ್ಕೆ ಎಳೆಯುವವರೂ ಇದ್ದಾರೆ. ನನಗದು ಸಾಲದು. ಆ ಸಂಸ್ಕೃತ ಪದಗಳನ್ನು ಅವರು ತಾಳದ ಮೇಲೆ ಕೂರಿಸುವ ರೀತಿ ಕೇಳಿ, ಆಮೇಲೆ ಭಾಷಣ ಮಾಡೋಣ.

ಎರಡನೇ ಸಲ ಕೇಳುವಾಗ ಗರಗರ ಸದ್ದು ಕಿವಿಗೇ ಬೀಳುವುದಿಲ್ಲ.