ಅಜ್ಜಿಯ ಕೌದಿ

ಅಜ್ಜಿ ಎಂದರೆ ನನಗೆ ಮೊದಲು ನೆನಪಾಗುವುದು ಆಕೆ ಹಳೆ ಬಟ್ಟೆಗಳನ್ನು ಕೂಡಿಸಿ ಹೊಲಿದ ಹೊದಿಕೆ, ಕೌದಿ. ಉತ್ತರ ಕರ್ನಾಟಕದ ಮನೆಗಳಲ್ಲಿ ಬಟ್ಟೆ ಹಳತಾದರೂ ಅದರ ಆಯುಷ್ಯ ಮುಗಿಯುತ್ತಿರಲಿಲ್ಲ. ಉಟ್ಟು ಉಟ್ಟು ಮೆತ್ತಗಾದ ಇಳಕಲ್ಲ ಸೀರೆ, ಅಜ್ಜನ ಧೋತರ, ಮಕ್ಕಳ ಅಂಗಿ, ಕುಪ್ಪಸದ ಚೂರು, ಎಲ್ಲವನ್ನೂ ಅಜ್ಜಿ ಒಗೆದು ಗಂಟು ಕಟ್ಟಿಡುತ್ತಿದ್ದಳು. ಸುಗ್ಗಿ ಮುಗಿದ ಮೇಲೆ ಪಡಸಾಲೆಯಲ್ಲಿ ಆ ಗಂಟು ಬಿಚ್ಚುತ್ತಿತ್ತು.

ಕೆಳಗೊಂದು ಸೀರೆ ಹಾಸಿ, ನಡುವೆ ಹಳೆ ಬಟ್ಟೆಯ ಪದರವಿಟ್ಟು, ಮೇಲೆ ಬಣ್ಣ ನೋಡಿ ತೇಪೆ ಜೋಡಿಸುವಳು. ಅಂಚಿನಿಂದ ಶುರುವಾದ ಹೊಲಿಗೆ ಸುತ್ತು ಹಾಕುತ್ತ ನಡುವಿಗೆ ಬರುತ್ತಿತ್ತು. ಸುಕ್ಕು ಬೀಳದಂತೆ ಎಡಗೈ ಪದರಗಳನ್ನು ಸವರುತ್ತಿರಬೇಕು, ಬಲಗೈ ಒಂದೇ ಅಳತೆಯಲ್ಲಿ ಸೂಜಿ ಓಡಿಸಬೇಕು. ಒತ್ತಾದ ಆ ಹೊಲಿಗೆ ಪದರಗಳನ್ನು ಹಿಡಿದಿಡುತ್ತದೆ. ಪದರಗಳ ನಡುವೆ ನಿಂತ ಗಾಳಿ ಮೈಯನ್ನು ಬೆಚ್ಚಗಿಡುತ್ತದೆ. ಹಳಿಯಾಳ, ಯಲ್ಲಾಪುರ, ಮುಂಡಗೋಡ ಭಾಗದ ಸಿದ್ದಿ ಸಮುದಾಯದ ಹೆಣ್ಣುಮಕ್ಕಳೂ ಹೀಗೆ ಅಂಚಿನಿಂದ ಒಳಮುಖವಾಗಿಯೇ ಹೊಲಿಯುತ್ತಾರೆ. ಮೂಲೆಗಳಲ್ಲಿ ಬಟ್ಟೆ ಮಡಚಿ ಅವರು ಕೂಡಿಸುವ ಹೂವು ಬಲು ಚೆಂದ.

ಬಾಣಂತಿ ಮಗಳಿಗೊಂದು, ಕೂಸಿನ ತೊಟ್ಟಿಲಿಗೊಂದು, ಬೀಗರು ಬಂದರೆ ಹಾಸಲೊಂದು. ಅಜ್ಜಿ ತನಗಾಗಿ ಹೊಲಿದುಕೊಂಡದ್ದನ್ನು ನಾನು ನೋಡಲಿಲ್ಲ. ಶಾಲೆಯ ಮೆಟ್ಟಿಲು ಹತ್ತದ ಆಕೆಗೆ ಯಾವ ಕೆಂಪಿನ ಮಗ್ಗುಲಿಗೆ ಯಾವ ಹಸಿರು ಒಪ್ಪುತ್ತದೆಂದು ಯಾರೂ ಹೇಳಿಕೊಡಬೇಕಿರಲಿಲ್ಲ.

ಇಂದು ಕೌದಿ ಅಂಗಡಿಗಳಿಗೂ ಬಂದಿದೆ. ಕೊಳ್ಳುವವರು ಚೌಕಾಸಿಗಿಳಿಯುವ ಮೊದಲು ಒಂದೊಂದು ಹೊಲಿಗೆಯನ್ನೂ ಬೆರಳಿನಿಂದ ಮುಟ್ಟಿ ನೋಡಲಿ. ಹೊಲಿದ ಕೈಗಳಿಗೆ ತಕ್ಕ ಕೂಲಿ ಸಲ್ಲಲಿ.