ಎಂಜಿನ್ ಉಳಿಯಿತು, ಸೇತುವೆ ಉರುಳಿತು

2024ರ ಮಾರ್ಚ್ 26ರ ನಸುಕಿನಲ್ಲಿ ಬಾಲ್ಟಿಮೋರ್ ಬಂದರಿನಿಂದ ಹೊರಟ ‘ಡಾಲಿ’ ಹಡಗಿನಲ್ಲಿ ಕರೆಂಟ್ ಹೋಯಿತು. ಸಿಗ್ನಲ್ ತಂತಿಯೊಂದಕ್ಕೆ ಸುತ್ತಿದ್ದ ಲೇಬಲ್ ಪಟ್ಟಿ ಅಡ್ಡಬಂದು, ತಂತಿಯ ತುದಿ ಟರ್ಮಿನಲ್‌ನೊಳಗೆ ಪೂರ್ತಿ ಕೂತಿರಲಿಲ್ಲ. ಅದು ಸಡಿಲವಾದಾಗ, 6,600 ವೋಲ್ಟನ್ನು 440ಕ್ಕೆ ಇಳಿಸುವ ಟ್ರಾನ್ಸ್‌ಫಾರ್ಮರಿನ ಬ್ರೇಕರ್‌ಗಳು ತೆರೆದುಕೊಂಡವು. ಪಂಪುಗಳು ನಿಂತವು. ತಂಪುನೀರಿನ ಒತ್ತಡ ಇಳಿದದ್ದೇ ತಡ, ಮುಖ್ಯ ಎಂಜಿನ್ ತನ್ನನ್ನು ಕಾಪಾಡಿಕೊಳ್ಳಲು ತಾನೇ ನಿಂತಿತು. ಹಿಡಿತ ತಪ್ಪಿದ ಹಡಗು ಕಂಬಕ್ಕೆ ಗುದ್ದಿ ಫ್ರಾನ್ಸಿಸ್ ಸ್ಕಾಟ್ ಕೀ ಸೇತುವೆ ಕುಸಿಯಿತು, ಅದರ ಮೇಲಿದ್ದ ಆರು ರಸ್ತೆ ಕಾರ್ಮಿಕರು ಸತ್ತರು.

ಇಲ್ಲಿ ರಕ್ಷಣಾ ವ್ಯವಸ್ಥೆ ಕೆಲಸ ಮಾಡಲಿಲ್ಲ ಎನ್ನಲಾಗದು. ಎಂಜಿನ್ನಿನ ರಕ್ಷಣೆ ಹೇಳಿದ್ದನ್ನು ಚಾಚೂ ತಪ್ಪದೆ ಮಾಡಿತು. ನನ್ನ ತಕರಾರು ಅದಕ್ಕೆ ಹೇಳಿಕೊಟ್ಟಿದ್ದರ ಬಗ್ಗೆ. ನಡುಸಮುದ್ರದಲ್ಲಿ ಎಂಜಿನ್ ನಿಲ್ಲಿಸುವುದು ವಿವೇಕ. ಸೇತುವೆಯ ಕಂಬ ಎದುರಿಗಿರುವಾಗ ಇನ್ನೆರಡು ನಿಮಿಷ ಬಿಸಿಯಾಗಿಯೇ ಓಡಿ ಹಾಳಾದರೂ ಚಿಂತೆಯಿಲ್ಲ. ಯಾವುದನ್ನು ಬಲಿಕೊಟ್ಟು ಯಾವುದನ್ನು ಉಳಿಸಬೇಕೆಂಬ ಈ ತಾರತಮ್ಯ ವಿನ್ಯಾಸದಲ್ಲೇ ಇರಬೇಕಿತ್ತು.

ಇನ್ನೂ ನೋವಾಗುವುದು ಬದಲಿ ಟ್ರಾನ್ಸ್‌ಫಾರ್ಮರಿನ ಕಥೆ. ಅದು ಹಡಗಿನಲ್ಲೇ ಇತ್ತು. ಸ್ವಿಚ್ಚನ್ನು ಸ್ವಯಂಚಾಲಿತಕ್ಕೆ ಇಟ್ಟಿದ್ದರೆ ಕೆಲವೇ ಸೆಕೆಂಡುಗಳಲ್ಲಿ ಹೊಣೆ ಹೊರುತ್ತಿತ್ತು, ಇಟ್ಟಿದ್ದು ಕೈಚಾಲನೆಗೆ. ಕತ್ತಲಲ್ಲಿ ಸಿಬ್ಬಂದಿ ಸುಮಾರು ಒಂದು ನಿಮಿಷದಲ್ಲಿ ಕರೆಂಟ್ ಮರಳಿಸಿದರು. ಅವರಲ್ಲಿ ಹೆಚ್ಚಿನವರು ಭಾರತೀಯರು, ಆ ಚುರುಕುತನವನ್ನು ಮೆಚ್ಚಲೇಬೇಕು. ಆದರೆ ಎರಡು ಜನರೇಟರ್‌ಗಳಿಗೆ ಇಂಧನ ಒದಗಿಸುತ್ತಿದ್ದದ್ದು ಆ ಕೆಲಸಕ್ಕೆಂದು ಮಾಡದ ಫ್ಲಶಿಂಗ್ ಪಂಪು. ಒಮ್ಮೆ ನಿಂತರೆ ತಾನಾಗಿ ಶುರುವಾಗದ ಅದರಿಂದ ಇಂಧನದ ಒತ್ತಡ ಕುಸಿದು ಎರಡನೇ ಸಲ ಕತ್ತಲು ಕವಿಯಿತು.

ಇದು ಒಂದೇ ಹಡಗಿನ ರೋಗವಲ್ಲ. 2010ರ ಸೆಪ್ಟೆಂಬರಿನಲ್ಲಿ ಬಾರ್ಸಿಲೋನಾ ಸಮೀಪ ‘ಕ್ವೀನ್ ಮೇರಿ 2’ ಹಡಗಿನಲ್ಲಿ, ವಿದ್ಯುತ್ತಿನ ಅಲೆಯ ವಿಕಾರ ತಗ್ಗಿಸುವ ಹಾರ್ಮಾನಿಕ್ ಫಿಲ್ಟರ್‌ನ ಕೋಣೆಯಲ್ಲಿ ಕೆಪಾಸಿಟರ್ ಸಿಡಿದು ಇಡೀ ಹಡಗು ಕತ್ತಲಾಯಿತು. ಕೆಪಾಸಿಟರ್ ಸವೆಯುತ್ತಿರುವುದನ್ನು ಪತ್ತೆಹಚ್ಚಬೇಕಿದ್ದ ಸಾಧನ ಹಲವು ವರ್ಷಗಳಿಂದ ಕೆಟ್ಟಿತ್ತು. ಅಲ್ಲಿ ಯಾರಿಗೂ ಪೆಟ್ಟಾಗಲಿಲ್ಲ.

ಎರಡೂ ಕಡೆ ಉಪಕರಣ ಇತ್ತು, ಅದನ್ನು ಪರೀಕ್ಷಿಸುವ ಶಿಸ್ತು ಇರಲಿಲ್ಲ. ಬಂದರು ಬಿಡುವ ಮುನ್ನ ಬದಲಿ ದಾರಿಗೆ ನಿಜವಾಗಿ ಕರೆಂಟ್ ಹರಿಸಿ ನೋಡಬೇಕು. ಸಡಿಲ ಜೋಡಣೆಗಳ ಬಿಸಿಯನ್ನು ಇನ್‌ಫ್ರಾರೆಡ್ ಕ್ಯಾಮೆರಾದಿಂದ ಹಿಡಿಯಬೇಕು. ಇದಕ್ಕೆ ಬೇಕಾದ ಸಮಯವನ್ನು ಎಂಜಿನ್ ಕೋಣೆಯವರು ನಿದ್ದೆಗೆಟ್ಟು ಹೊಂದಿಸಿಕೊಳ್ಳಲಾರರು. ಹಡಗು ನಡೆಸುವ ಕಂಪನಿಯೇ ಕೊಡಬೇಕು.