ಬಲ್ಬು ಹೇಳಿದ್ದನ್ನು ಓದುವ ಕೈ

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆ ಹಳೆಯ ಅಂಬಾಸಿಡರ್ ಇಟ್ಟುಕೊಂಡವರಿಗೆ ಬಲ್ಲ ಆಟೊ ಎಲೆಕ್ಟ್ರಿಷಿಯನ್ ಸಿಕ್ಕರೆ ಅದೇ ಪುಣ್ಯ. ಉತ್ತರಪಾಡಾ ಕಾರ್ಖಾನೆಯಲ್ಲಿ ಈ ಕಾರಿನ ತಯಾರಿಕೆ 2014ರಲ್ಲೇ ನಿಂತಿತು.

ಇಂಥ ಎಲೆಕ್ಟ್ರಿಷಿಯನ್ನರ ಮುಖ್ಯ ಸಾಧನ ಟೆಸ್ಟ್ ಲ್ಯಾಂಪ್. 12 ವೋಲ್ಟಿನ ಬಲ್ಬು, ಎರಡು ವೈರು. ಒಂದರ ತುದಿಗೆ ಕ್ಲಿಪ್ಪು, ಇನ್ನೊಂದಕ್ಕೆ ಸೂಜಿ. ಬಲ್ಬು ಹೊತ್ತಿದರೆ ನಮಗೆ ಸಮಾಧಾನ. ಅವರಿಗೆ ಬೆಳಕಿನ ಬಣ್ಣವೂ ಬೇಕು. ಕೊಂಚ ಕೆಂಪಗಾದರೆ ದಾರಿಯಲ್ಲೆಲ್ಲೋ ಕಿಲುಬು ಹಿಡಿದ ಜಾಯಿಂಟ್ ಇದೆ ಎಂದೇ ಲೆಕ್ಕ. ಇಂಡಿಕೇಟರ್ ಹಾಕಿದಾಗ ಹಿಂದಿನ ದೀಪವೂ ಮಿನುಗಿದರೆ ಸ್ವಿಚ್ಚಿನ ತಂಟೆಗೇ ಹೋಗದೆ, ಡಿಕ್ಕಿ ತೆರೆದು ಅರ್ಥ್ ಸ್ಕ್ರೂಗೆ ಕೈ ಹಾಕುತ್ತಾರೆ.

ನನ್ನನ್ನು ಬೆರಗಾಗಿಸಿದ್ದು ಮಾತ್ರ ಚೋಕ್ ಕೇಬಲ್. ಅಂಥ ಒಬ್ಬರ ಬಳಿಗೆ ಸೆಲ್ಫ್ ಸರಿಯಾಗಿ ತಿರುಗದ ಕಾರೊಂದು ಬಂದಿತ್ತು. "ಇನ್ನೊಮ್ಮಿ ಸೆಲ್ಫ್ ಹೊಡೀರಿ ಸರ್" ಎನ್ನುತ್ತ ಬಾನೆಟ್ಟಿನೊಳಗೆ ಬಗ್ಗಿದವರು ಆ ಕೇಬಲ್ ಮುಟ್ಟಿದರು. ಬಿಸಿ! ಎಂಜಿನ್ನನ್ನು ಬಾಡಿಗೆ ಸೇರಿಸುವ, ತಾಮ್ರದ ಎಳೆ ಹೆಣೆದ ಅರ್ಥ್ ಪಟ್ಟಿ ಒಳಗೇ ಸವೆದಿತ್ತು. ಸ್ಟಾರ್ಟರ್ ಎಳೆಯುವ ನೂರಕ್ಕೂ ಹೆಚ್ಚು ಆಂಪಿಯರ್ ಕರೆಂಟು ಬ್ಯಾಟರಿಗೆ ಮರಳಲು ಆ ಸಪೂರ ಕೇಬಲನ್ನೇ ಹಿಡಿದಿತ್ತು. ಮೀಟರ್ ಹಚ್ಚುವ ಮೊದಲೇ ಬೆರಳು ರೋಗ ಹೇಳಿತ್ತು!

ಹೊಸ ಬ್ಯಾಟರಿ ತರಲು ಹೊರಟಿದ್ದ ಮಾಲೀಕರನ್ನು ತಡೆದು, ಪಟ್ಟಿಯಷ್ಟೇ ಬದಲಿಸಿದರು. ಬಣ್ಣ ಕೆರೆದು, ಲೋಹ ಹೊಳೆಯುವವರೆಗೂ ಎಮರಿ ಕಾಗದ ತಿಕ್ಕಿ, ಬೋಲ್ಟ್ ಬಿಗಿದು, ತೇವ ಇಳಿಯದಂತೆ ಮೇಲೆ ಗ್ರೀಸ್ ಸವರಿದರು.